ಸ್ತನದ ಇಂಪ್ಲಾಂಟ್ ಸರ್ಜರಿ: ಮಾಡಿಸಿಕೊಂಡವರು ಹೇಳುವ ಮಾತು

ಕೇಳಿದವರು: ನನಗೆ ಇಪ್ಪತ್ತೆಂಟು. ಎದೆ ಮೊದಲಿನಿಂದಲೂ ಚಿಕ್ಕದು. ಇಂಪ್ಲಾಂಟ್ ಹಾಕಿಸಿಕೊಳ್ಳೋಣ ಅಂತ ಬಹಳ ದಿನದಿಂದ ಯೋಚನೆ ಮಾಡ್ತಿದ್ದೇನೆ. ನೋವು ಎಷ್ಟಿರುತ್ತದೆ, ಆಮೇಲೆ ಏನೇನು ಎದುರಾಗುತ್ತದೆ? ಮುಂದೆ ಮಗುವಾದರೆ ಹಾಲು ಕುಡಿಸೋಕೆ ತೊಂದರೆ ಇದೆಯಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಒಬ್ಬರು: ನಾನು ಕೆಲವು ವರ್ಷದ ಹಿಂದೆ ಮಾಡಿಸಿಕೊಂಡೆ. ಸಿಲಿಕೋನ್ ಜೆಲ್ ತುಂಬಿದ್ದು, ಎದೆಯ ಸ್ನಾಯುವಿನ ಕೆಳಗೆ. ಈಗಲೂ ಖುಷಿಯಾಗಿದ್ದೇನೆ, ಹಾಗಾಗಿ ಹೆದರಿಸಲು ಬರೆಯುತ್ತಿಲ್ಲ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇದು ಒಂದೇ ಸಲಕ್ಕೆ ಮುಗಿಯುವ ಸರ್ಜರಿ ಅಲ್ಲ. ಇಂಪ್ಲಾಂಟ್ ಜೀವಮಾನವಿಡೀ ಬಾಳಿಕೆ ಬರುವುದಿಲ್ಲ. ನಿಮ್ಮ ವಯಸ್ಸಿಗೆ ಹಾಕಿಸಿಕೊಂಡರೆ ಮುಂದೊಂದು ದಿನ ತೆಗೆಸುವುದೋ ಬದಲಾಯಿಸುವುದೋ ಬರುತ್ತದೆ ಅಂತಲೇ ಲೆಕ್ಕ ಹಾಕಿ. ಆ ಎರಡನೇ ಸರ್ಜರಿಗೂ ಮನಸ್ಸು, ದುಡ್ಡು ಎರಡೂ ಇದೆಯಾ ನೋಡಿಕೊಂಡು ಮೊದಲನೆಯದಕ್ಕೆ ಹೂಂ ಅನ್ನಿ.

ಸರ್ಜರಿ ಸಾಮಾನ್ಯವಾಗಿ ಒಂದೆರಡು ಗಂಟೆಯದು. ಪೂರ್ತಿ ಅನಸ್ತೇಶಿಯಾ ಕೊಟ್ಟು ಮಾಡುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಎಚ್ಚರವಾದಾಗ ಹೊಲಿಗೆಯ ಉರಿಗಿಂತ ಬಿಗಿತವೇ ಜಾಸ್ತಿ, ಎದೆ ಮೇಲೆ ಮೂಟೆ ಹೇರಿಟ್ಟ ಹಾಗೆ. ಸ್ನಾಯುವಿನ ಕೆಳಗೆ ಇಟ್ಟರೆ ಇದು ಇನ್ನೂ ಹೆಚ್ಚು. ನನಗೆ ಬಾಟಲಿ ಮುಚ್ಚಳ ತಿರುಗಿಸೋಕೂ ಆಗುತ್ತಿರಲಿಲ್ಲ. ತಲೆ ಬಾಚಲು ಹೋದರೆ ಕೈ ಕಿವಿ ತನಕ ಬಂದು ನಿಂತುಬಿಡುತ್ತಿತ್ತು. ಅಕ್ಕನೇ ಜಡೆ ಹಾಕುತ್ತಿದ್ದಳು. ಮಲಗುವಾಗ ದಿಂಬು ಎತ್ತರ ಮಾಡಿಕೊಂಡು ಅರ್ಧ ಕೂತ ಹಾಗೆ ಮಲಗಬೇಕು, ಏಳುವಾಗ ಕೈ ಊರಬಾರದು. ಮುಂದೆ ಗುಂಡಿ ಇರುವ ಬಟ್ಟೆಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಭಾರ ಎತ್ತುವುದು, ಜಿಮ್ಮು ಇವೆಲ್ಲ ನಾಲ್ಕರಿಂದ ಆರು ವಾರ ಬೇಡ.

ಕಟ್ಟು ಬಿಚ್ಚಿದಾಗ ಕನ್ನಡಿಯಲ್ಲಿ ಕಂಡದ್ದು ನನಗೆ ಹಿಡಿಸಲೇ ಇಲ್ಲ. ಎರಡೂ ಎಲ್ಲೋ ಮೇಲೆ ಕೂತಿದ್ದವು. ಚರ್ಮ ಹೊಳೆಯುವಷ್ಟು ಬಿಗಿ. ಆ ವಾರ ಸುಮ್‌ಸುಮ್ನೆ ಅಳು ಬರುತ್ತಿತ್ತು. ತುಂಬಾ ಜನಕ್ಕೆ ಹೀಗಾಗುತ್ತದೆ, ಗಾಬರಿ ಬೇಡ. ಊತ ಇಳಿದು, ಸ್ನಾಯು ಸಡಿಲವಾಗಿ, ಇಂಪ್ಲಾಂಟ್ ಕೆಳಗೆ ಬಂದು ಕೂರಲು ತಿಂಗಳುಗಳೇ ಬೇಕು. ಸೈಜು ಸರಿಯಾಯ್ತಾ ಇಲ್ವಾ ಅನ್ನೋ ತೀರ್ಮಾನ ಅಲ್ಲಿಯವರೆಗೆ ಬೇಡ. ಒಂದು ಕಡೆ ಮೊಲೆತೊಟ್ಟು ಮರಗಟ್ಟಿತ್ತು. ನನಗೆ ನಿಧಾನಕ್ಕೆ ಸರಿಹೋಯಿತು, ಕೆಲವರಿಗೆ ಹಾಗೇ ಉಳಿದುಬಿಡುತ್ತದೆ.

ಸೈಜಿನ ಬಗ್ಗೆ ಇನ್ನೊಂದು ಮಾತು. ಇಂಪ್ಲಾಂಟನ್ನು ಅಳೆಯುವುದು ಸಿಸಿಯಲ್ಲಿ, ಅಂದರೆ ಮಿಲಿಲೀಟರಿನಲ್ಲಿ, ಬ್ರಾ ಕಪ್ಪಿನಲ್ಲಲ್ಲ. ಅದೇ 300 ಸಿಸಿ ಅಗಲ ಎದೆಯವರಲ್ಲಿ ಕಂಡೂ ಕಾಣದಂತಿರುತ್ತದೆ, ಸಣಕಲು ಮೈಯವರಲ್ಲಿ ಎದ್ದು ಕಾಣುತ್ತದೆ. ಗೆಳತಿಯ ನಂಬರು ನಿಮಗೆ ಉಪಯೋಗಕ್ಕೆ ಬರಲ್ಲ. ಎದೆಯ ಅಗಲ ಅಳೆಯದೆ, ಚರ್ಮ ಎಷ್ಟು ಹಿಗ್ಗುತ್ತದೆ ಅಂತ ನೋಡದೆ ಸರ್ಜನ್ ಸೈಜು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಬ್ಬರು: ನನ್ನ ಅನುಭವ ಅಷ್ಟು ಸಲೀಸಾಗಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಳಗೆ ಏನೇ ಇಟ್ಟರೂ ಮೈ ಅದರ ಸುತ್ತ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಅದು ಎಲ್ಲರಿಗೂ ಆಗುವಂಥದ್ದೇ. ಕೆಲವರಿಗೆ ಮಾತ್ರ ಆ ಪದರ ಬಿಗಿಯುತ್ತಾ ಹೋಗಿ ಇಂಪ್ಲಾಂಟನ್ನು ಹಿಂಡುತ್ತದೆ. ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅಂತಾರೆ. ನನಗೆ ಎಡಗಡೆ ಮೊದಲು ಗಟ್ಟಿಯಾಯಿತು, ಆಮೇಲೆ ಆಕಾರ ಕೆಟ್ಟಿತು, ಕೊನೆಗೆ ಆ ಮಗ್ಗುಲಿಗೆ ಮಲಗಲಾರದಷ್ಟು ನೋವು. ಪದರದ ಸಮೇತ ತೆಗೆಸಿ ಹೊಸದು ಹಾಕಿಸಬೇಕಾಯಿತು. ಮತ್ತೆ ಅನಸ್ತೇಶಿಯಾ, ಮತ್ತೆ ಅದೇ ವಾರಗಳು. ಹೀಗಾದರೆ ಖರ್ಚು ಯಾರದು ಅಂತ ಮೊದಲೇ ಕೇಳಿ, ಬರವಣಿಗೆಯಲ್ಲಿ ಇಸಿದುಕೊಳ್ಳಿ.

ಒಡೆಯುವ ವಿಷಯವೂ ಗೊತ್ತಿರಲಿ. ಸಲೈನ್ ಅಂದರೆ ಉಪ್ಪುನೀರಿನದು. ಅದು ಸೋರಿದರೆ ಎದೆ ಇಳಿದುಹೋಗಿ ತಾನಾಗೇ ಗೊತ್ತಾಗುತ್ತದೆ. ಸಿಲಿಕೋನ್ ಹಾಗಲ್ಲ, ಒಳಗೇ ಒಡೆದಿದ್ದರೂ ಹೊರಗೆ ಏನೂ ಕಾಣದೇ ಇರಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಿಲಿಕೋನ್ ಹಾಕಿಸಿಕೊಂಡವರು ಸರ್ಜರಿಯಾಗಿ ಐದಾರು ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕು ಅನ್ನುತ್ತದೆ. ಈ ಖರ್ಚನ್ನು ಯಾರೂ ಮೊದಲು ಲೆಕ್ಕಕ್ಕೆ ಹಿಡಿಯೋದಿಲ್ಲ.

ಮೇಲ್ಮೈ ನುಣುಪಾ ತರಿತರಿಯಾ ಅಂತಲೂ ಕೇಳಿ. ತರಿತರಿ ಮೇಲ್ಮೈಯ ಇಂಪ್ಲಾಂಟಿನ ಸುತ್ತಲ ಪದರದಲ್ಲಿ ಲಿಂಫೋಮಾ ಅನ್ನುವ ಒಂದು ಬಗೆಯ ಕ್ಯಾನ್ಸರ್ ಬರುವುದುಂಟು. ಅಪರೂಪ, ಆದರೆ ನಿಜ. 2019ರಲ್ಲಿ ಅಲರ್ಗನ್ ಕಂಪನಿ ಇದೇ ಕಾರಣಕ್ಕೆ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ವರ್ಷಗಳಾದ ಮೇಲೆ ಒಂದು ಕಡೆ ಊದಿಕೊಂಡರೆ ತಡಮಾಡದೆ ತೋರಿಸಿ. ಇಂಪ್ಲಾಂಟಿನ ಜೊತೆ ಕೊಡುವ ಕಾರ್ಡಿನಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ನಂಬರು ಎಲ್ಲ ಇರುತ್ತದೆ. ಅದನ್ನು ಕೇಳಿ ಪಡೆದು ಜೋಪಾನ ಮಾಡಿ, ಫೋನಿನಲ್ಲೂ ಒಂದು ಫೋಟೋ ಇರಲಿ.

ಸಿಗರೇಟು ಸೇದುವ ಅಭ್ಯಾಸ ಇದ್ದರೆ ಸರ್ಜರಿಗೆ ಕೆಲವು ವಾರ ಮೊದಲೇ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ. ಮನೆಗೆ ಬಂದ ಮೇಲೆ ಒಂದೇ ಕಡೆ ದಿಢೀರ್ ಊದಿಕೊಂಡು ಬಿಗಿದರೆ ಒಳಗೆ ರಕ್ತ ತುಂಬುತ್ತಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಮತ್ತೊಬ್ಬರು: ಹಾಲಿನ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಇಂಪ್ಲಾಂಟ್ ಆದ ಮೇಲೆ ನನಗೆ ಮಗುವಾಯಿತು, ಹಾಲು ಕುಡಿಸಿದೆ. ಮೊದಮೊದಲು ಸಾಕಾಗದೆ ಮೇಲಿನ ಹಾಲೂ ಕೊಡಬೇಕಾಯಿತು. ಬಹಳ ಮಂದಿಗೆ ಕುಡಿಸಲು ಆಗುತ್ತದೆ, ಪೂರ್ತಿ ಸಾಕಾಗುತ್ತದೆ ಅಂತ ಮಾತ್ರ ಯಾರೂ ಖಾತ್ರಿ ಕೊಡಲಾರರು. ಎಲ್ಲಿ ಕೊಯ್ಯುತ್ತಾರೆ ಅನ್ನೋದು ಮುಖ್ಯ. ತೊಟ್ಟಿನ ಸುತ್ತ ಕೊಯ್ದರೆ ಹಾಲಿನ ನಾಳಕ್ಕೂ ನರಕ್ಕೂ ಪೆಟ್ಟಾಗುವ ಸಂಭವ ಜಾಸ್ತಿ. ನನಗೆ ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದಿದ್ದರು. ಮಗು ಬೇಕು ಅನ್ನೋದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ಬಸಿರು, ಬಾಣಂತನದಲ್ಲಿ ಎದೆಯ ಆಕಾರ ಹೇಗೂ ಬದಲಾಗುತ್ತದೆ. ಬೇಗ ಮಗು ಮಾಡಿಕೊಳ್ಳುವ ಯೋಚನೆ ಇದ್ದರೆ ಸರ್ಜರಿ ಆಮೇಲೆ ಇಟ್ಟುಕೊಳ್ಳುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ಮುಂದೆ ಮ್ಯಾಮೊಗ್ರಾಮ್‌ಗೆ, ಅಂದರೆ ಸ್ತನದ ಎಕ್ಸ್‌ರೇಗೆ ಹೋದಾಗ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳಿ. ಅದು ಸ್ತನದ ಒಂದಷ್ಟು ಭಾಗವನ್ನು ಮರೆಮಾಡುತ್ತದೆ, ಹಾಗಾಗಿ ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ಹೆಚ್ಚಿಗೆ ಚಿತ್ರ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ ಅಷ್ಟೇ.