ಗಂಡು ನಾಯಿ ಮನೆಯೊಳಗೆ ಕಾಲೆತ್ತುವುದನ್ನು ಬಿಡಿಸುವುದು ಹೇಗೆ?

ಪ್ರಶ್ನೆ, ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿದೆ. ನಮ್ಮ ಊರುನಾಯಿ ಮೋತಿಗೆ ಈಗ 11 ತಿಂಗಳು. ಮರಿಯಾಗಿದ್ದಾಗ ಬೇಗನೆ ಹೊರಗೆ ಹೋಗಿ ಮೂತ್ರ ಮಾಡುವುದನ್ನು ಕಲಿತಿದ್ದ ಅವನು, ಮಳೆಗಾಲ ಹಿಡಿದಾಗಿನಿಂದ ಮನೆಯೊಳಗೆ ಕಾಲೆತ್ತಲು ತೊಡಗಿದ್ದಾನೆ. ಜಗಲಿಯ ಮರದ ಕಂಬ, ನಡುಮನೆಯ ಬಾಗಿಲ ಪಕ್ಕದ ಗೋಡೆಯ ಮೂಲೆ, ಅಡಿಕೆ ಚೀಲಗಳನ್ನು ಒರಗಿಸಿಟ್ಟ ಜಾಗ, ಈ ಮೂರು ಕಡೆ ಅದು ತಪ್ಪುವುದೇ ಇಲ್ಲ. ಪ್ರತಿ ಸಲವೂ ಬೀಳುವುದು ಒಂದೆರಡು ಚಮಚದಷ್ಟು ಮಾತ್ರ. ತೋಟದ ಕಡೆ ಕರೆದೊಯ್ದು ಎಲ್ಲ ಮುಗಿಸಿಕೊಂಡು ಬಂದ ಐದು ನಿಮಿಷಕ್ಕೇ ಕಂಬದ ಬುಡಕ್ಕೆ ಹೋಗಿ ನಿಲ್ಲುತ್ತಾನೆ. ಕಳೆದ ವಾರ ನೆಂಟರು ತಂದ ಚೀಲದ ಮೇಲೂ ಹಾಗೆಯೇ ಮಾಡಿದ.

ದಿನವೂ ಫಿನಾಯಿಲ್ ಹಾಕಿ ಒರೆಸುತ್ತೇವೆ. ಎರಡು ಬಾರಿ ಅವನ ಮೂಗನ್ನು ಆ ಜಾಗಕ್ಕೆ ಒತ್ತಿ ಗದರಿದ್ದೂ ಉಂಟು, ಆದರೆ ಅಂದಿನಿಂದ ಯಾರೂ ಇಲ್ಲದ ಹೊತ್ತು ನೋಡಿ ಮಾಡುತ್ತಾನೆ. ದೇವರ ಕೋಣೆಯ ಪಕ್ಕದಲ್ಲೇ ಇದು ನಡೆಯುವುದರಿಂದ, ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಬಿಡಿ ಎಂದು ಅತ್ತೆಯವರು ಹೇಳುತ್ತಿದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಅವನನ್ನು ಇಡೀ ಮಳೆಗಾಲ ಕಟ್ಟಿಹಾಕಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ, ಕಾರವಾರದಿಂದ:

ನೀವು ಬರೆದದ್ದನ್ನು ಓದಿದರೆ ಇದು ಮೂತ್ರ ತಡೆಯಲಾಗದೆ ಮಾಡುವುದಲ್ಲ, ತನ್ನ ವಾಸನೆ ಬಿಟ್ಟು ಜಾಗಕ್ಕೆ ಗುರುತು ಹಾಕುವುದು ಎಂದು ತೋರುತ್ತದೆ. ಸ್ವಲ್ಪವೇ ಮೂತ್ರ, ನೆಟ್ಟಗೆ ನಿಂತ ವಸ್ತುವಿನ ಮೇಲೆ, ಮತ್ತೆ ಮತ್ತೆ ಅದೇ ಜಾಗದಲ್ಲಿ, ಹೊಸ ವಾಸನೆ ಹೊತ್ತು ಬಂದ ಚೀಲದ ಮೇಲೆ: ಎಲ್ಲವೂ ಅದರ ಲಕ್ಷಣಗಳೇ. ಗಂಡು ನಾಯಿ ಪ್ರಾಯಕ್ಕೆ ಬರುವ ಆರು ತಿಂಗಳಿಂದ ಒಂದು ವರ್ಷದ ನಡುವೆ ಇದು ಸಾಮಾನ್ಯವಾಗಿ ಶುರುವಾಗುತ್ತದೆ. ಅವನು ನಿಮ್ಮ ಮೇಲಿನ ಸಿಟ್ಟಿಗೆ ಹಾಗೆ ಮಾಡುತ್ತಿಲ್ಲ ಎಂಬುದನ್ನು ಮೊದಲು ಮನೆಯವರಿಗೆಲ್ಲ ತಿಳಿಸಿ. ಮೂಗು ಒತ್ತಿ ಗದರಿಸಿದಾಗ ಅವನು ಕಲಿತದ್ದು ಮನುಷ್ಯರ ಎದುರು ಕಾಲೆತ್ತಬಾರದು ಎಂಬುದನ್ನೇ ಹೊರತು ಒಳಗೆ ಕಾಲೆತ್ತಬಾರದು ಎಂಬುದನ್ನಲ್ಲ.

ಮಳೆಗಾಲದಲ್ಲೇ ಏಕೆ ಶುರುವಾಯಿತು ಎಂಬುದನ್ನು ವಿಚಾರ ಮಾಡಿ. ನಿಮ್ಮ ಜಗಲಿ ತೆರೆದಿದ್ದರೆ ರಾತ್ರಿ ಮಳೆಗೆ ಊರಿನ ಬೇರೆ ನಾಯಿಗಳು ಅಲ್ಲಿ ಬಂದು ಮಲಗುತ್ತಿರಬಹುದು. ಅವು ಕಂಬಕ್ಕೆ ಗುರುತು ಹಾಕಿ ಹೋದರೆ ಮೋತಿ ಬೆಳಿಗ್ಗೆ ಅದಕ್ಕೆ ಉತ್ತರ ಕೊಡುತ್ತಾನೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಬಾಗಿಲೊಳಗಿನ ಗೋಡೆಯನ್ನು ತಿಂಗಳುಗಟ್ಟಲೆ ತೊಳೆದ ಮೇಲೆ, ಒಂದು ಮುಂಜಾನೆ ಹೊರಗಿನ ಮೆಟ್ಟಿಲ ಬದಿಯಲ್ಲಿ ಒದ್ದೆ ಗುರುತನ್ನೂ ಕೆಸರು ಮೆತ್ತಿದ ಹೆಜ್ಜೆಗಳನ್ನೂ ಕಂಡಾಗಲೇ ನನಗೆ ಕಾರಣ ಹೊಳೆಯಿತು. ಜಗಲಿಗೆ ಅಡ್ಡಲಾಗಿ ಬಿದಿರಿನ ತಟ್ಟಿ ಕಟ್ಟಿದ ಮೇಲೆ ಅರ್ಧ ತೊಂದರೆ ಇಳಿಯಿತು.

ಇನ್ನು ತೊಳೆಯುವ ವಿಷಯ. ಇದರಲ್ಲೇ ಹೆಚ್ಚಿನವರು ಸೋಲುವುದು. ಫಿನಾಯಿಲ್ ನಮ್ಮ ಮೂಗಿಗೆ ವಾಸನೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಅಮೋನಿಯ ಇರುವ ಕ್ಲೀನರ್‌ಗಳನ್ನಂತೂ ಬಳಸಲೇಬೇಡಿ, ಏಕೆಂದರೆ ಮೂತ್ರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ಸಿಗುವ, ಮೂತ್ರದ ಅಂಶವನ್ನೇ ಒಡೆದುಹಾಕುವ ಎನ್‌ಝೈಮ್ ಇರುವ ದ್ರಾವಣವನ್ನು ತನ್ನಿ. ಮೊದಲು ಬರೀ ನೀರಿನಿಂದ ಎರಡು ಮೂರು ಸಲ ತೊಳೆದು ಫಿನಾಯಿಲ್‌ನ ಅಂಶವನ್ನು ತೆಗೆಯದಿದ್ದರೆ ಆ ದ್ರಾವಣ ಸರಿಯಾಗಿ ಕೆಲಸ ಮಾಡುವುದಿಲ್ಲ. ಮರದ ಕಂಬದ ಬಿರುಕುಗಳಲ್ಲಿ ಮೂತ್ರ ಆಳಕ್ಕೆ ಇಳಿದಿರುತ್ತದೆ. ಮೇಲ್ಮೈ ಒರೆಸಿದರೆ ಸಾಲದು. ದ್ರಾವಣದಲ್ಲಿ ನೆನೆಸಿದ ಹಳೆಯ ಪಂಚೆಯ ತುಂಡನ್ನು ಕಂಬದ ಬುಡಕ್ಕೆ ಸುತ್ತಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಅದು ಒಣಗದಂತೆ ನೋಡಿಕೊಳ್ಳಿ. ಚಿರೆಕಲ್ಲಿನ ಗೋಡೆಯೂ ಹೀಗೆಯೇ ಹೀರಿಕೊಳ್ಳುವಂಥದ್ದು. ಬೇಸಿಗೆಯಲ್ಲಿ ಹೋಯಿತೆಂದುಕೊಂಡ ವಾಸನೆ ಜೂನ್‌ನ ಥಂಡಿಗೆ ಮತ್ತೆ ಏಳುತ್ತದೆ. ಆದ್ದರಿಂದ ಒಂದೇ ಸಲ ತೊಳೆದು ಕೈಬಿಡಬೇಡಿ.

ಉತ್ತರ, ಹೊನ್ನಾವರದಿಂದ:

ಬೀಜ ತೆಗೆಸಿದರೆ ಈ ಅಭ್ಯಾಸ ತಾನಾಗಿ ನಿಲ್ಲುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಇಷ್ಟೆಲ್ಲ ತೊಳೆಯುವ ಬದಲು ಅದನ್ನೇ ಮಾಡಿಸಬಾರದೇ? ಇನ್ನೊಂದು ಮಾತು: ನಾನು ವಿನೆಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಸಿಮೆಂಟ್ ನೆಲ ಒರೆಸುತ್ತೇನೆ, ವಾಸನೆ ಸಾಕಷ್ಟು ಹೋಗುತ್ತದೆ.

ಉತ್ತರ, ಕುಮಟಾದಿಂದ:

ನಾನು ಕೆಲವು ವರ್ಷ ಪಶುವೈದ್ಯರೊಬ್ಬರ ಬಳಿ ಸಹಾಯಕಿಯಾಗಿದ್ದೆ. ಅಲ್ಲಿ ಕಂಡದ್ದರ ಆಧಾರದಿಂದ ಹೇಳುತ್ತೇನೆ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅರ್ಧಕ್ಕಿಂತ ಹೆಚ್ಚು ಗಂಡು ನಾಯಿಗಳಲ್ಲಿ ಗುರುತು ಹಾಕುವುದು ಚೆನ್ನಾಗಿ ಕಡಿಮೆಯಾಗುತ್ತದೆ, ಆದರೆ ಎಲ್ಲವುಗಳಲ್ಲಿ ಅಲ್ಲ, ಮರುದಿನವೇ ಅಲ್ಲ. ಕೆಲವಕ್ಕೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಅಭ್ಯಾಸ ಬೇರೂರಿದಷ್ಟೂ ತಡವಾಗುತ್ತದೆ. ಬೀದಿನಾಯಿಗಳು ಮಳೆಗಾಲದ ಕೊನೆಯ ಹೊತ್ತಿಗೆ ಹೆಚ್ಚಾಗಿ ಬೆದೆಗೆ ಬರುವುದರಿಂದ ಮುಂದಿನ ತಿಂಗಳುಗಳಲ್ಲಿ ಮೋತಿಯ ಚಡಪಡಿಕೆ ಇನ್ನೂ ಏರಬಹುದು. ಹಾಗಾಗಿ ವೈದ್ಯರೊಂದಿಗೆ ಈಗಲೇ ಮಾತನಾಡುವುದು ಒಳ್ಳೆಯದು. ಹೋದಾಗ ಮೂತ್ರ ಪರೀಕ್ಷೆಯನ್ನೂ ಮಾಡಿಸಿ. ಮೂತ್ರದಲ್ಲಿ ರಕ್ತ ಕಂಡರೆ, ತಿಣುಕಿ ಮಾಡುತ್ತಿದ್ದರೆ ಅಥವಾ ನೀರು ಕುಡಿಯುವುದು ಹೆಚ್ಚಾಗಿದ್ದರೆ ಅದು ಅಭ್ಯಾಸವಲ್ಲ, ಕಾಯಿಲೆ ಇರಬಹುದು.

ವಿನೆಗರ್‌ನ್ನು ಸುಣ್ಣದ ಗೋಡೆಗೆ ಹಾಕಬಾರದು, ಆಮ್ಲಕ್ಕೆ ಸುಣ್ಣ ಕರಗಿ ಉದುರುತ್ತದೆ. ಹಳೆಯ ಮನೆಯವರು ಇದನ್ನು ನೆನಪಿಡಬೇಕು. ಮತ್ತೊಂದು ಎಚ್ಚರಿಕೆ: ಇಲಿ ಹೆಗ್ಗಣಗಳಿರುವ ಕಡೆ ನಾಯಿಗೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ತಗಲಬಹುದು, ಅದು ಮೂತ್ರದ ಮೂಲಕ ಮನುಷ್ಯರಿಗೂ ಹರಡುತ್ತದೆ. ಆದ್ದರಿಂದ ಕೈಗವಸು ಹಾಕಿಕೊಂಡೇ ತೊಳೆಯಿರಿ, ವರ್ಷಕ್ಕೊಮ್ಮೆ ಅದರ ಲಸಿಕೆ ಹಾಕಿಸಿ.

ಪ್ರಶ್ನೆ ಕೇಳಿದವರಿಂದ, ಶಿರಸಿ:

ಎಲ್ಲರಿಗೂ ಧನ್ಯವಾದಗಳು. ಕಾರವಾರದವರು ಹೇಳಿದಂತೆ ನಿನ್ನೆ ರಾತ್ರಿ ಎದ್ದು ನೋಡಿದೆ. ಜಗಲಿಯ ಮೇಲೆ ಎರಡು ನಾಯಿಗಳು ಮುದುಡಿ ಮಲಗಿದ್ದವು. ತಟ್ಟಿ ಕಟ್ಟಿಸುತ್ತೇನೆ, ಆ ನಾಯಿಗಳಿಗೆ ಕಟ್ಟಿಗೆಮನೆಯ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಡುತ್ತೇನೆ. ಆದರೆ ಹಗಲಿನಲ್ಲಿ ಮೋತಿ ಒಳಗೆ ಓಡಾಡುವಾಗ ಏನು ಮಾಡಬೇಕು? ಹೊಟ್ಟೆಗೆ ಪಟ್ಟಿ ಕಟ್ಟುವುದು ಸರಿಯೇ?

ಉತ್ತರ, ಕಾರವಾರದಿಂದ:

ಪಟ್ಟಿ ನೆಂಟರು ಬಂದ ದಿನಕ್ಕಾದರೆ ಸರಿ. ಒದ್ದೆಯಾದ ಕೂಡಲೇ ಬದಲಿಸದಿದ್ದರೆ ಈ ಹವೆಯಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಪಟ್ಟಿ ಕಟ್ಟಿದ ಮಾತ್ರಕ್ಕೆ ಅವನು ಏನನ್ನೂ ಕಲಿಯುವುದೂ ಇಲ್ಲ. ಅದಕ್ಕಿಂತ, ಮೂರು ನಾಲ್ಕು ವಾರ ಅವನನ್ನು ಉದ್ದನೆಯ ಹಗ್ಗದಿಂದ ನಿಮ್ಮ ಸೊಂಟಕ್ಕೆ ಕಟ್ಟಿಕೊಂಡು ಮನೆಗೆಲಸ ಮಾಡಿ. ಕಾಲೆತ್ತುವ ಮೊದಲು ಅವನು ಒಂದೇ ಜಾಗವನ್ನು ಬಿಡದೆ ಮೂಸುತ್ತಾನೆ, ಆಮೇಲೆ ಮೈಯನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ಆ ಒಂದು ಕ್ಷಣದಲ್ಲೇ ಮೆಲ್ಲಗೆ ಹೆಸರು ಕರೆದು ಹೊರಗೆ ಕರೆದೊಯ್ಯಿರಿ, ಹೊರಗೆ ಮಾಡಿದ ಕೂಡಲೇ ಅಲ್ಲಿಯೇ ತಿನ್ನಲು ಕೊಡಿ, ಒಳಗೆ ಬಂದ ಮೇಲೆ ಕೊಟ್ಟರೆ ಅವನಿಗೆ ಸಂಬಂಧ ತಿಳಿಯುವುದಿಲ್ಲ. ನೋಡಿಕೊಳ್ಳಲು ಯಾರೂ ಇಲ್ಲದ ಹೊತ್ತಿನಲ್ಲಿ ಅವನು ಮಲಗುವ ಕೋಣೆಯಲ್ಲೇ ಬಿಡಿ. ನೆಂಟರ ಚೀಲಗಳನ್ನು ಮಂಚದ ಮೇಲಿಡಿ. ಅಡಿಕೆ ಚೀಲಗಳನ್ನು ತೆಗೆದು, ಆ ಜಾಗ ತೊಳೆದು ಒಣಗಿದ ಮೇಲೆ ಅವನ ಊಟದ ಬಟ್ಟಲನ್ನು ಅಲ್ಲಿಡಿ. ತಾನು ಉಣ್ಣುವ ಕಡೆ ಸಾಮಾನ್ಯವಾಗಿ ನಾಯಿ ಕಾಲೆತ್ತುವುದಿಲ್ಲ. ಮಳೆಗೆ ಹೊರಗೆ ಬರಲು ಹಿಂಜರಿದರೆ ಸೂರಿನ ಕೆಳಗೆ, ಹನಿ ಬೀಳದ ಕಡೆ ಒಂದು ಗೂಟ ನೆಟ್ಟುಕೊಡಿ. ನಮ್ಮವನು ಈಗಲೂ ಅದನ್ನೇ ಬಳಸುತ್ತಾನೆ.