ಕಾರಟಗಿ ಮನೆ ಬಳಗ: ಪಾಸ್‌ವರ್ಡ್ ಬದಲಾಯಿಸುವ ಮಾತು

ಸಿಂಧನೂರು ಕಾಕಾ: (ಫಾರ್ವರ್ಡ್) ತುರ್ತು ಸೂಚನೆ!! ಕಂಪ್ಯೂಟರ್, ಮೊಬೈಲ್, ಬ್ಯಾಂಕ್ ಪಾಸ್‌ವರ್ಡ್ ಪ್ರತಿ 30 ದಿನಕ್ಕೊಮ್ಮೆ ಬದಲಾಯಿಸದಿದ್ದರೆ 31ನೇ ದಿನ ನಿಮ್ಮ ಎಲ್ಲ ಫೈಲ್ ಹ್ಯಾಕರ್‌ಗಳ ಪಾಲು. ಅಮೆರಿಕದ ವಿಜ್ಞಾನಿಗಳೇ ಹೇಳಿದ್ದಾರೆ. ನಿಮ್ಮವರು ಅನ್ನುವ ಎಲ್ಲರಿಗೂ ಕಳಿಸಿ.

ಸಿಂಧನೂರು ಕಾಕಾ: ಎಲ್ಲರೂ ಓದಿ. ನಾನು ಅಂಗಡಿ ಕಂಪ್ಯೂಟರಿನದು ಬೆಳಿಗ್ಗೆಯೇ ಬದಲಾಯಿಸಿದೆ.

ಗಂಗಾವತಿ ಅತ್ತೆ: 🙏🙏

ದೊಡ್ಡಪ್ಪ: ಒಳ್ಳೆಯ ಮಾತು. ಯಾವುದನ್ನೂ ವರ್ಷಗಟ್ಟಲೆ ಹಾಗೇ ಬಿಡಬಾರದು. ತುಂಗಭದ್ರಾ ಡ್ಯಾಮಿನ 19ನೇ ಗೇಟ್ ನೆನಪಿದೆ ಅಲ್ವಾ? 2024ರ ಆಗಸ್ಟ್ 10ರ ರಾತ್ರಿ ಚೈನ್ ಕಟ್ಟಾಗಿ ಗೇಟೇ ಕೊಚ್ಚಿ ಹೋಯಿತು. 70 ವರ್ಷದ ಗೇಟ್. ಕಾಲಕಾಲಕ್ಕೆ ನೋಡಿ ಬದಲಾಯಿಸಿದ್ದರೆ ತುಂಬಿದ ಡ್ಯಾಮಿನ ನೀರನ್ನು ಹಾಗೆ ಹೊಳೆಗೆ ಬಿಡಬೇಕಾಗುತ್ತಿತ್ತಾ? ಇದೂ ಹಾಗೆಯೇ.

ಗಂಗಾವತಿ ಅತ್ತೆ: ಅವತ್ತಿನದು ನೆನೆಸಬೇಡ ಅಣ್ಣ. ನಾಟಿ ಆಗಿ ವಾರ ಆಗಿರಲಿಲ್ಲ. ಕಾಲುವೆಗೆ ನೀರು ಬರುತ್ತೋ ಇಲ್ಲವೋ ಅಂತ ಮನೆಯಲ್ಲಿ ಒಬ್ಬರೂ ಸರಿಯಾಗಿ ಊಟ ಮಾಡಿರಲಿಲ್ಲ.

ನಾನು: ಕಾಕಾ, ಇದನ್ನು ಹೇಳಿದ ವಿಜ್ಞಾನಿಗಳು ಯಾರು? ಹೆಸರು ಇಲ್ಲ, ವರ್ಷ ಇಲ್ಲ, ಸಂಸ್ಥೆ ಇಲ್ಲ. 31ನೇ ದಿನವೇ ಯಾಕೆ ಹಾಗಾಗುತ್ತದೆ ಅನ್ನುವುದೂ ಇಲ್ಲ.

ದೊಡ್ಡಪ್ಪ: ಪುಟ್ಟಿ, ದೊಡ್ಡವರು ಏನು ಹೇಳಿದರೂ ಆಧಾರ ಕೇಳುವುದು ನಿನ್ನ ಹಳೇ ಅಭ್ಯಾಸ. ನಾಗರ ಪಂಚಮಿ ದಿನ ಹುತ್ತದ ಮುಂದೆ ನಿಂತು, ಹಾವು ಹಾಲು ಕುಡಿಯುತ್ತಾ ಅಂತ ಕೇಳಿದವಳು ನೀನು. ಅವ್ವ ಅವತ್ತು ಎಷ್ಟು ನೊಂದುಕೊಂಡಳು!

ರಾಯಚೂರು ಅಣ್ಣ: ಹಾವಿನದು ಬಿಡಪ್ಪ, ನಾನು ಹಾಲು ಕುಡಿದು ಏಟು ತಿಂದಿದ್ದೆ. ಕೀಲಿ ಅಂದರೆ ಅಜ್ಜನ ಕೀಲಿ. ಪಡಸಾಲೆಯ ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಟ್ರಂಕ್, ಕೀಲಿಕೈ ಅಜ್ಜನ ಉಡದಾರಕ್ಕೆ ಕಟ್ಟಿರುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಬಿಚ್ಚುತ್ತಿರಲಿಲ್ಲ. ಟ್ರಂಕ್ ತೆಗೆದರೆ ಡಾಂಬರು ಗುಳಿಗೆ ವಾಸನೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಹೊಲದ ಕಾಗದ, ಅದರ ಕೆಳಗೆ ನಮಗೆ ಅಂತ ಇಟ್ಟ ಬತ್ತಾಸು.

ನಾನು: ಅಣ್ಣ ಹೇಳಿದ ಟ್ರಂಕನ್ನೇ ತಗೊಳ್ಳಿ ದೊಡ್ಡಪ್ಪ. ಅಜ್ಜ ಆ ಕೀಲಿಯನ್ನು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದರಾ? ಇಲ್ಲ. ಕೀಲಿಕೈ ಯಾರ ಕೈಗೂ ಹೋಗಲಿಲ್ಲ, ಅಷ್ಟೇ ಸಾಕಾಗಿತ್ತು. ಡ್ಯಾಮಿನ ಚೈನು ನೀರಿಗೆ, ಭಾರಕ್ಕೆ ಸವೆಯುತ್ತದೆ. ಪಾಸ್‌ವರ್ಡ್ ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದು ಕೆಡುವುದು ಇನ್ನೊಬ್ಬರಿಗೆ ಗೊತ್ತಾದಾಗ. ಹಾಗೆ ಗೊತ್ತಾಗಿದೆ ಅಂತ ಅನುಮಾನ ಬಂದರೆ 30 ದಿನ ಕಾಯಬಾರದು, ಅವತ್ತೇ ಬದಲಾಯಿಸಬೇಕು. ಯಾರಿಗೂ ಗೊತ್ತಿಲ್ಲ, ಉದ್ದ ಇದೆ, ಬೇರೆಲ್ಲೂ ಬಳಸಿಲ್ಲ ಅಂದರೆ ಸುಮ್ನೆ ಬದಲಾಯಿಸಿ ಲಾಭ ಇಲ್ಲ.

ಸಿಂಧನೂರು ಕಾಕಾ: ಹಾಗಾದರೆ ಇಷ್ಟು ವರ್ಷ ಎಲ್ಲ ಕಡೆ ಬದಲಾಯಿಸಿ ಬದಲಾಯಿಸಿ ಅಂತ ಹೇಳಿದ್ದು ಸುಳ್ಳಾ?

ನಾನು: ಸುಳ್ಳಲ್ಲ ಕಾಕಾ, ಹಳೆಯದಾಯಿತು. ಅಮೆರಿಕದ ಹೆಸರು ಬಂದಿದೆಯಲ್ಲ, ಅಲ್ಲಿಯದೇ ಹೇಳುತ್ತೇನೆ. ಅಲ್ಲಿನ ಸರ್ಕಾರದ್ದು ನಿಸ್ಟ್ ಅಂತ ಒಂದು ಸಂಸ್ಥೆ. ಅಕ್ಷರ, ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಾಯಿಸಿ ಅನ್ನುವ ಸಲಹೆ 2003ರಲ್ಲಿ ಅಲ್ಲಿಂದಲೇ ಬಂತು. ಬರೆದವರು ಬಿಲ್ ಬರ್. 2017ರಲ್ಲಿ ಅವರೇ ಪತ್ರಿಕೆಯ ಮುಂದೆ, ಅದರಲ್ಲಿ ಬಹಳಷ್ಟನ್ನು ಬರೆಯಬಾರದಿತ್ತು ಅನ್ನಿಸುತ್ತದೆ ಅಂತ ಒಪ್ಪಿಕೊಂಡರು. ಅದೇ ವರ್ಷ ನಿಸ್ಟ್ ನಿಯಮ ತಿದ್ದಿತು: ಕಳುವಾದ ಸುಳಿವು ಇಲ್ಲದಿದ್ದರೆ ಇಷ್ಟು ದಿನಕ್ಕೊಮ್ಮೆ ಬದಲಾಯಿಸಿ ಅಂತ ಜನರನ್ನು ಒತ್ತಾಯಿಸಬೇಡಿ. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ವಿಂಡೋಸ್ ಸಲಹೆಯಿಂದ ಆ ಗಡುವನ್ನು ತೆಗೆಯಿತು.

ದೊಡ್ಡಪ್ಪ: ನನ್ನ ಪೆನ್ಶನ್ ಖಾತೆಯ ಬ್ಯಾಂಕ್ ಈಗಲೂ ಬದಲಾಯಿಸು ಅಂತ ಕೇಳುತ್ತದೆ. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?

ನಾನು: ಬ್ಯಾಂಕ್ ಕೇಳಿದರೆ ಖಂಡಿತ ಬದಲಾಯಿಸಿ ದೊಡ್ಡಪ್ಪ. ನೀವೇ ಬ್ಯಾಂಕಿನ ಆ್ಯಪ್ ತೆಗೆದು ಅದರೊಳಗೆ ಬದಲಾಯಿಸಿ, ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಅಲ್ಲ. ಈ ಥರ ಹೆದರಿಸುವ ಫಾರ್ವರ್ಡ್ ಓದಿದ ಜನ ಅಂಥ ಲಿಂಕನ್ನೇ ಗಾಬರಿಯಲ್ಲಿ ಒತ್ತುತ್ತಾರೆ. ನನ್ನ ಭಯ ಅದೇ.

ನಾನು: ಕಾಕಾ, ಅಂಗಡಿಯದು ಬದಲಾಯಿಸಿದಿರಲ್ಲ, ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ? ಪಾಸ್‌ವರ್ಡ್ ಇಲ್ಲಿ ಹಾಕಬೇಡಿ, ವ್ಯತ್ಯಾಸ ಮಾತ್ರ ಹೇಳಿ.

ಸಿಂಧನೂರು ಕಾಕಾ: ಕೊನೆಯ ನಂಬರ್ ಬದಲಾಯಿಸಿದೆ. 13 ಇತ್ತು, 14 ಮಾಡಿದೆ.

ನಾನು: ನೋಡಿ, ಅದಕ್ಕೇ ಆ ನಿಯಮ ಬಿಟ್ಟಿದ್ದು. ತಿಂಗಳು ತಿಂಗಳೂ ಹೊಸದು ಹುಡುಕಲು ಯಾರಿಗೂ ಆಗಲ್ಲ, ನಂಬರ್ ಏರಿಸುತ್ತಾರೆ. ಹೋದ ವರ್ಷ ಕೆಲಸ ಬಿಟ್ಟ ಹುಡುಗನಿಗೆ 9 ಗೊತ್ತಿತ್ತು ಅಂದರೆ 14 ಊಹಿಸಲು ಎಷ್ಟು ಹೊತ್ತು? ಅವನು ಬಿಟ್ಟ ದಿನವೇ ಪೂರ್ತಿ ಬೇರೆ ಹಾಕಬೇಕಿತ್ತು.

ಸಿಂಧನೂರು ಕಾಕಾ: ಅವನು ಒಳ್ಳೆಯ ಹುಡುಗ. ಅವನ ಮೇಲೆ ಅನುಮಾನ ಬೇಡ.

ನಾನು: ಅವನ ಮೇಲೆ ಅಲ್ಲ ಕಾಕಾ. ಇನ್ನೊಂದು ಮಾತು, ರಿಪೇರಿಗೆ ಕೊಟ್ಟಾಗ ನಿಮ್ಮ ಪಾಸ್‌ವರ್ಡ್ ಕೇಳದೆಯೇ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಕೊಟ್ಟರು ಅಂತ ಆಶ್ಚರ್ಯಪಟ್ಟಿದ್ದಿರಿ. ವಿಂಡೋಸ್ ತೆರೆಯುವ ಪಾಸ್‌ವರ್ಡ್ ಬಾಗಿಲಿನ ಕೀಲಿ ಮಾತ್ರ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಫೈಲ್ ಎಲ್ಲ ಹಾಗೇ ಕಾಣುತ್ತವೆ. ವಿಂಡೋಸಿನದೇ ಬಿಟ್‌ಲಾಕರ್ ಥರದ್ದು ಹಾಕಿ ಇಡೀ ಡಿಸ್ಕನ್ನೇ ಗೂಢಲಿಪಿ ಮಾಡಿದ್ದರೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡಿದ್ದರೆ, ಕಾಣಲ್ಲ. ಆದರೆ ಅದರ 48 ಅಂಕಿಯ ರಿಕವರಿ ಕೀಲಿ ಬರೆದು ಇಟ್ಟುಕೊಳ್ಳಬೇಕು. ಅದೂ ಹೋದರೆ ನಿಮ್ಮ ಫೈಲ್ ನಿಮಗೇ ಸಿಗಲ್ಲ.

ಗಂಗಾವತಿ ಅತ್ತೆ: ಹೌದಲ್ವಾ, ನಿಮ್ಮ ಫೈಲ್ ನಿಮಗೇ ಸಿಗಲ್ಲ ಅನ್ನುವುದು ನಮಗೆ ಗೊತ್ತಿದ್ದದ್ದೇ. ಲೀಜಿನ ಲೆಕ್ಕದ ಫೈಲ್ ಏನಾಯಿತು ತಮ್ಮ?

ರಾಯಚೂರು ಅಣ್ಣ: ಅತ್ತೆ, ಅದು ಈಗ ಬೇಡ.

ಗಂಗಾವತಿ ಅತ್ತೆ: ಯಾಕೆ ಬೇಡ? ಅಪ್ಪನ ಎಂಟು ಎಕರೆ ಲೀಜಿಗೆ ಕೊಟ್ಟ ಎರಡು ವರ್ಷದ ಲೆಕ್ಕ. ಎಷ್ಟು ಚೀಲ ಬಂತು, ಯಾರಿಗೆ ಎಷ್ಟು ಹೋಯಿತು, ಎಲ್ಲ ಅದರಲ್ಲಿತ್ತು. ನಾನು ಮಗಳ ಮದುವೆ ಸಮಯಕ್ಕೆ ಕೇಳಿದೆ. ಪಾಸ್‌ವರ್ಡ್ ಮರೆತೆ ಅಂದ. ಮರೆಯುವುದು ಅಷ್ಟು ಸುಲಭವಾ?

ದೊಡ್ಡಪ್ಪ: ತಂಗಿ, ಒಡಹುಟ್ಟಿದವರ ನಡುವೆ ಲೆಕ್ಕ ಕೇಳಬಾರದು. ಅಪ್ಪ ಇದ್ದಿದ್ದರೆ ಇದನ್ನು ಕೇಳಿ ಸಂಕಟಪಡುತ್ತಿದ್ದ.

ಗಂಗಾವತಿ ಅತ್ತೆ: ಅಪ್ಪ ಇದ್ದಿದ್ದರೆ ಲೆಕ್ಕ ಕಾಗದದ ಮೇಲೆ ಇರುತ್ತಿತ್ತು ಅಣ್ಣ. ನೀನು ಆಗಲೂ ಹೀಗೇ ಅಂದೆ.

(ಅರ್ಧ ಗಂಟೆ ಯಾರೂ ಬರೆಯಲಿಲ್ಲ.)

ಸಿಂಧನೂರು ಕಾಕಾ: ಅಕ್ಕ, ಬಚ್ಚಿಡಲು ಪಾಸ್‌ವರ್ಡ್ ಹಾಕಿದ್ದಲ್ಲ. ಅಂಗಡಿಯಲ್ಲಿ ಹತ್ತು ಜನ ಆ ಕಂಪ್ಯೂಟರ್ ಮುಟ್ಟುತ್ತಾರೆ, ಮನೆಯ ಲೆಕ್ಕ ಯಾರೂ ನೋಡಬಾರದು ಅಂತ ಹಾಕಿದೆ. ಆಗಲೂ ಇಂಥದ್ದೇ ಒಂದು ಮೆಸೇಜ್ ಬಂದಿತ್ತು, ಹೆಸರು ಊರು ಹಾಕಬೇಡಿ, ಚಿಹ್ನೆ ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ ಅಂತ. ಅಂಗಡಿಯದಕ್ಕೆ ನಂಬರ್ ಏರಿಸಿದೆ, ಆದರೆ ಲೆಕ್ಕದ ಫೈಲಿಗೆ ಪ್ರತಿ ತಿಂಗಳೂ ಹೊಸದನ್ನೇ ಹಾಕುತ್ತಿದ್ದೆ. ನೆನಪಿರಲ್ಲ ಅಂತ ಗೊಬ್ಬರದ ಕಂಪನಿ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೆ. ಡಿಸೆಂಬರಿನದು ಡಿಸೆಂಬರ್ ಹಾಳೆಯ ಹಿಂದೆ ಇತ್ತು. ಹೊಸ ವರ್ಷಕ್ಕೆ ಮನೆಯಲ್ಲಿ ಹಳೆ ಕ್ಯಾಲೆಂಡರ್ ತೆಗೆದುಬಿಟ್ಟರು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಆ ಫೈಲ್ ಇನ್ನೂ ಇಟ್ಟಿದ್ದೇನೆ. ಪ್ರತಿ ದೀಪಾವಳಿಗೆ ಅಂಗಡಿ ಪೂಜೆ ಮುಗಿದ ಮೇಲೆ ಕೂತು ಏನೇನೋ ಹಾಕಿ ನೋಡುತ್ತೇನೆ.

ಗಂಗಾವತಿ ಅತ್ತೆ: ಇದನ್ನು ಅವತ್ತೇ ಹೇಳಬಾರದಿತ್ತಾ.

ದೊಡ್ಡಪ್ಪ: ಮೈಕ್ರೋಸಾಫ್ಟಿನವರಿಗೆ ಬರೆದರೆ ತೆಗೆದುಕೊಡುವುದಿಲ್ಲವಾ ಪುಟ್ಟಿ?

ನಾನು: ಇಲ್ಲ ದೊಡ್ಡಪ್ಪ. ಎಕ್ಸೆಲ್ ಫೈಲ್ ತೆರೆಯಲು ಪಾಸ್‌ವರ್ಡ್ ಹಾಕಿದರೆ ಒಳಗಿನದು ಗೂಢಲಿಪಿ ಆಗುತ್ತದೆ, ಮರೆತರೆ ಅವರೂ ತೆಗೆಯಲಾರರು. ಕಾಕಾ ಬರೆದಿಟ್ಟದ್ದು ತಪ್ಪಲ್ಲ. ಗೋಡೆಗೆ ತೂಗಿಸಿದ್ದು ತಪ್ಪು. ಮನೆಯೊಳಗೆ, ಕಾಗದದ ಮೇಲೆ, ಕೀಲಿ ಹಾಕಿದ ಜಾಗದಲ್ಲಿ ಇಡಬಹುದು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಶಬ್ದ ತಗೊಳ್ಳಿ, ಜೋಳ, ರಿಕ್ಷಾ, ಹುಣ್ಣಿಮೆ, ಬಕೆಟ್ ಥರ (ಇದನ್ನೇ ಹಾಕಬೇಡಿ, ಎಲ್ಲರೂ ಓದಿದ್ದಾಗಿದೆ). ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಟೈಪ್ ಮಾಡಿ. ಉದ್ದ ಇರುತ್ತದೆ, ನೆನಪೂ ಇರುತ್ತದೆ. ಒಂದು ಕಡೆಯದನ್ನು ಇನ್ನೊಂದು ಕಡೆ ಹಾಕಬೇಡಿ. 2009ರಲ್ಲಿ ರಾಕ್‌ಯೂ ಅನ್ನುವ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಕಳುವಾದವು, ಎಲ್ಲ ಓದುವ ಹಾಗೇ ಇದ್ದವು. ಅಂಥ ಪಟ್ಟಿ ಸಿಕ್ಕಿದವರು ಅದೇ ಪಾಸ್‌ವರ್ಡನ್ನು ಮೇಲ್, ಬ್ಯಾಂಕ್ ಎಲ್ಲದಕ್ಕೂ ಹಾಕಿ ನೋಡುತ್ತಾರೆ.

ರಾಯಚೂರು ಅಣ್ಣ: ಕಾಕಾ, ಅದು ಯಾವ ವರ್ಷದ ಕ್ಯಾಲೆಂಡರ್?

ಸಿಂಧನೂರು ಕಾಕಾ: 2017.

ರಾಯಚೂರು ಅಣ್ಣ: ಕಾಕಿ ಹಳೆ ಕ್ಯಾಲೆಂಡರ್ ಎಲ್ಲ ಸುತ್ತಿಟ್ಟು ನಮಗೇ ಕೊಡುತ್ತಿದ್ದರು. ದಪ್ಪ ಹಾಳೆ, ಹುಡುಗಿಯ ಪುಸ್ತಕಕ್ಕೆ ರಟ್ಟು ಹಾಕಲು ಚೆನ್ನಾಗಿರುತ್ತಿತ್ತು. ಚಿತ್ರ ಒಳಗೆ ಮಾಡಿ ಬಿಳಿ ಬದಿ ಹೊರಗೆ ಹಾಕುತ್ತಿದ್ದೆ. 2018ರ ಜೂನಿನಲ್ಲಿ ಅವಳು ನಾಲ್ಕನೇ ಕ್ಲಾಸ್. ಯಾವುದೋ ಪುಸ್ತಕದ ಮೇಲೆ ಪೆನ್ಸಿಲ್ ಗೀಚು ಇದೆ, ಬೇರೆ ಹಾಕಿಕೊಡು ಅಂತ ಅತ್ತಿದ್ದಳು.

ಸಿಂಧನೂರು ಕಾಕಾ: ಪುಸ್ತಕ ಇದೆಯಾ?

ರಾಯಚೂರು ಅಣ್ಣ: ನಾಲ್ಕನೇ ಕ್ಲಾಸಿನವರೆಗಿನದು ರದ್ದಿಗೆ ಹಾಕಿಲ್ಲ, ಅವಳ ಅಮ್ಮ ಬಿಟ್ಟಿಲ್ಲ. ಅಟ್ಟದ ಮೇಲೆ ಚೀಲದಲ್ಲಿದೆ. ಏಣಿ ಪಕ್ಕದ ಮನೆಯವರು ಒಯ್ದಿದ್ದಾರೆ, ತರುತ್ತೇನೆ.

ಗಂಗಾವತಿ ಅತ್ತೆ: ಸಿಕ್ಕರೆ ಗುಂಪಿನಲ್ಲಿ ಹಾಕಬೇಡ. ತಮ್ಮನಿಗೆ ಫೋನ್ ಮಾಡಿ ಹೇಳು.