ಸಹಾಯ ಬೇಕು: ಡಲ್ಸಿಮರ್ ವಾದ್ಯ ಕಲಿಯಲು ಹೊರಟಿರುವ ನನ್ನ ಅಮ್ಮ ಮತ್ತು ಮಗಳಿಗೆ

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಮೌಂಟನ್ ವ್ಯೂನ ಆರ್ಕನ್ಸಾ ಫೋಕ್ ಫೆಸ್ಟಿವಲ್‌ಗೆ ಹೋಗಬೇಕು ಅಂತಿದ್ದೇವೆ. ಓಝಾರ್ಕ್ ಬೆಟ್ಟಗಳ ನಡುವಿನ ಪುಟ್ಟ ಊರು. 1963ರಲ್ಲಿ ಶುರುವಾದ ಉತ್ಸವ. ಕೋರ್ಟ್‌ಹೌಸ್ ಸುತ್ತ ಜನ ಕುರ್ಚಿ ಹಾಕಿಕೊಂಡು ಫಿಡಲ್, ಬ್ಯಾಂಜೊ ನುಡಿಸುತ್ತಾ ಕೂರುತ್ತಾರೆ. ಕೇಳೋಕೆ ದುಡ್ಡು ಕೊಡಬೇಕಿಲ್ಲ.

ನನ್ನ ಮಗಳಿಗೆ 9 ವರ್ಷ. ಮೌಂಟನ್ ಡಲ್ಸಿಮರ್ ಕಲಿಯಬೇಕು ಅಂತ ತುಂಬಾ ಆಸೆ. ತೊಡೆಯ ಮೇಲಿಟ್ಟು ನುಡಿಸುವ ವಾದ್ಯ, ಮೂರೋ ನಾಲ್ಕೋ ತಂತಿ. ಒಂದು ತಂತಿಯಲ್ಲಿ ಹಾಡು ಬಂದರೆ ಉಳಿದವು ಶ್ರುತಿ ಹಿಡಿದಿರುತ್ತವೆ. ಎಲ್ಲ ಸ್ವರಕ್ಕೂ ಮೆಟ್ಟು (ಫ್ರೆಟ್) ಇರಲ್ಲ, ಹಾಗಾಗಿ ಹೊಸಬರಿಗೆ ಅಪಸ್ವರದ ಭಯ ಕಡಿಮೆ. ಅದನ್ನು ಕೇಳಿದ್ದೇ ತಡ, ಹಾಸನದಿಂದ ಬಂದಿರುವ ಅಮ್ಮ "ನಮ್ಮೂರಲ್ಲಿ ತತ್ವಪದ ಹಾಡೋರ ಏಕತಾರಿ ನೆನಪಾಯ್ತು ಕಣೇ, ನಾನೂ ಕಲೀತೀನಿ" ಅಂದರು. ಅಮ್ಮ ತನಗೋಸ್ಕರ ಏನಾದರೂ ಕೇಳಿದ್ದೇ ಅಪರೂಪ. ಹೇಗಾದರೂ ಕಲಿಸಲೇಬೇಕು.

ಆನ್‌ಲೈನ್‌ನಲ್ಲಿ ತರಿಸಿದ ಡಲ್ಸಿಮರ್ ಬಿರಡೆ ಮುರಿದು ಬಂತು, ವಾಪಸ್ ಕಳಿಸಿದೆ. ಲಿಟಲ್ ರಾಕ್ ಅಥವಾ ಮೆಂಫಿಸ್ ಕಡೆ ಯಾರ ಹತ್ತಿರವಾದರೂ ಇದ್ದರೆ ಎರಡು ವಾರಕ್ಕೆ ಕೊಡ್ತೀರಾ? ನಾನೇ ಬಂದು ತಗೊಂಡು, ಜೋಪಾನವಾಗಿ ವಾಪಸ್ ತಲುಪಿಸುತ್ತೇನೆ. ಬಾಡಿಗೆ ಕೊಡಲೂ ಸಿದ್ಧ.

ಆ ಉತ್ಸವಕ್ಕೆ ಹೋಗಿ ಬಂದವರಿದ್ದರೆ ಇನ್ನೊಂದು ಮಾತು. ಅಲ್ಲಿ ಹೊಸಬರಿಗೆ ಡಲ್ಸಿಮರ್ ತರಗತಿ ಇದ್ದರೆ, ಅಜ್ಜಿ, ಮೊಮ್ಮಗಳನ್ನು ಒಟ್ಟಿಗೆ ಕೂರಿಸುತ್ತಾರಾ? ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಮಗಳು ಪಕ್ಕದಲ್ಲಿದ್ದರೆ ಧೈರ್ಯ, ಅಲ್ವಾ? ದಯವಿಟ್ಟು ಇಲ್ಲೇ ಉತ್ತರಿಸಿ.